ಹೃದಯದ ಜಮಾಖರ್ಚು: ಎಕೋ ವರದಿಯನ್ನು ಅರಿಯುವ ಬಗೆ

ಮಹಾನಗರಗಳಲ್ಲಿ ಬಾಳುವವರಿಗೆ ವಯಸ್ಸು ನಲವತ್ತು ದಾಟಿತೆಂದರೆ ವೈದ್ಯಕೀಯ ತಪಾಸಣೆಯ ಕಾಗದಗಳು ಒಂದೊಂದಾಗಿ ಮನೆ ಸೇರತೊಡಗುತ್ತವೆ. ರಕ್ತದ ಸಕ್ಕರೆ, ಕೊಲೆಸ್ಟರಾಲ್, ಇ.ಸಿ.ಜಿ. ಇವುಗಳ ಜೊತೆಗೆ ಈಗ ಎಕೋ ಪರೀಕ್ಷೆಯ ವರದಿಯೂ ಸಾಮಾನ್ಯವಾಗಿದೆ. ಊರಿನಿಂದ ಕರೆತಂದ ವೃದ್ಧ ತಂದೆತಾಯಿಗಳಿಗೆ ಮಂಡಿಯ ಶಸ್ತ್ರಚಿಕಿತ್ಸೆ ಆಗಬೇಕೆಂದರೂ ಮೊದಲು ಎಕೋ ಮಾಡಿಸಿಕೊಂಡು ಬನ್ನಿರೆಂದು ವೈದ್ಯರು ಹೇಳುವುದುಂಟು. ಆ ವರದಿಯಲ್ಲಿ ಹತ್ತಾರು ಅಳತೆಗಳ ನಡುವೆ ‘ಎಲ್.ವಿ.ಇ.ಎಫ್. 60%’ ಎಂಬಂಥ ಒಂದು ಸಾಲು ಇರುತ್ತದೆ. ಮನೆಮಂದಿಯ ದೃಷ್ಟಿಯೆಲ್ಲ ಆ ಸಾಲಿನ ಮೇಲೆಯೇ.

ಶಾಲೆಯ ಅಂಕಪಟ್ಟಿಯನ್ನು ನೋಡಿ ರೂಢಿಯಾದವರು, ನೂರಕ್ಕೆ ಅರವತ್ತೆಂದರೆ ಹೃದಯದ ನಲವತ್ತು ಭಾಗ ಕೆಟ್ಟುಹೋಗಿದೆ ಎಂದು ಗಾಬರಿಗೊಳ್ಳುತ್ತಾರೆ. ಇನ್ನು ಕೆಲವರು, ಅರವತ್ತು ಸರಿಯಾದ ಅಂಕಿಯೆಂದು ಯಾರಿಂದಲೋ ಕೇಳಿ, ಮೆಟ್ಟಿಲೇರುವಾಗ ಏದುಸಿರು ಬರುತ್ತಿದ್ದರೂ ಅಲಕ್ಷ್ಯ ಮಾಡುತ್ತಾರೆ. ಎರಡೂ ತಪ್ಪು. ಅದು ಪರೀಕ್ಷೆಯಲ್ಲಿ ಬಂದ ಅಂಕವಲ್ಲ, ಒಂದು ಅನುಪಾತ. ಯಾವುದರ ಅನುಪಾತ, ಅದನ್ನು ಅಳೆಯುವುದು ಹೇಗೆ, ಅದರಿಂದ ತಿಳಿಯುವುದೇನು, ತಿಳಿಯದಿರುವುದೇನು ಎಂಬುದನ್ನು ಅರಿತವರು ಅನಗತ್ಯವಾಗಿ ಅಂಜುವುದಿಲ್ಲ. ಅಂಜಬೇಕಾದಲ್ಲಿ ಮೈಮರೆಯುವುದೂ ಇಲ್ಲ.

ಆರಂಭ ಶಿಲ್ಕು, ಅಖೈರು ಶಿಲ್ಕು

ಹೃದಯವು ಮುಷ್ಟಿಯ ಗಾತ್ರದ ಒಂದು ಸ್ನಾಯುವಿನ ಚೀಲ. ಅದರಲ್ಲಿ ನಾಲ್ಕು ಕೋಣೆಗಳು. ಮೇಲಿನ ಎರಡು ಹೃತ್ಕರ್ಣಗಳು ರಕ್ತವನ್ನು ಬರಮಾಡಿಕೊಳ್ಳುತ್ತವೆ. ಕೆಳಗಿನ ಎರಡು ಹೃತ್ಕುಕ್ಷಿಗಳು ಅದನ್ನು ಹೊರಕ್ಕೆ ತಳ್ಳುತ್ತವೆ. ಬಲ ಹೃತ್ಕುಕ್ಷಿ ರಕ್ತವನ್ನು ಪಕ್ಕದಲ್ಲಿರುವ ಶ್ವಾಸಕೋಶಗಳಿಗೆ ಕಳುಹಿಸಿದರೆ, ಎಡ ಹೃತ್ಕುಕ್ಷಿ ನೆತ್ತಿಯಿಂದ ಅಂಗಾಲಿನವರೆಗೆ ಇಡೀ ಶರೀರಕ್ಕೆ ಕಳುಹಿಸಬೇಕು. ಆದುದರಿಂದಲೇ ಅದರ ಗೋಡೆ ಹೆಚ್ಚು ದಪ್ಪ, ಅದರ ಹೊಣೆ ಹೆಚ್ಚು ಭಾರ. ವರದಿಯಲ್ಲಿ ಕಾಣುವ ಎಲ್.ವಿ. ಎಂಬ ಅಕ್ಷರಗಳು ಈ ಎಡ ಹೃತ್ಕುಕ್ಷಿಯನ್ನು ಸೂಚಿಸುತ್ತವೆ. ಇ.ಎಫ್. ಎಂದರೆ ಇಜೆಕ್ಷನ್ ಫ್ರಾಕ್ಷನ್, ಅಂದರೆ ಹೊರಹಾಕಿದ ಭಾಗ.

ಇದರ ಲೆಕ್ಕ ಉಳಿತಾಯ ಖಾತೆಯ ಲೆಕ್ಕದಷ್ಟೇ ಸರಳ. ಹೃತ್ಕುಕ್ಷಿ ಪೂರ್ತಿ ಹಿಗ್ಗಿ ತುಂಬಿಕೊಂಡಾಗ ಅದರಲ್ಲಿ 120 ಮಿ.ಲೀ. ರಕ್ತವಿದೆ ಎಂದಿಟ್ಟುಕೊಳ್ಳಬಹುದು. ಇದು ಆರಂಭ ಶಿಲ್ಕು. ಸಂಕೋಚನವಾದ ಮೇಲೆ ಒಳಗೆ 50 ಮಿ.ಲೀ. ಉಳಿಯಿತು. ಇದು ಅಖೈರು ಶಿಲ್ಕು. ನಡುವೆ ಹೊರಹೋದದ್ದು 70 ಮಿ.ಲೀ. ಈ 70ನ್ನು 120ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಸುಮಾರು 58 ಬರುತ್ತದೆ. ಇದೇ ಆ ಹೃದಯದ ಇ.ಎಫ್. ನಿಮಿಷಕ್ಕೆ 70 ಬಾರಿ ಮಿಡಿಯುವ ಇಂಥ ಹೃದಯವು ನಿಮಿಷಕ್ಕೆ 4.9 ಲೀಟರ್, ದಿನವೊಂದಕ್ಕೆ ಸುಮಾರು 7,000 ಲೀಟರ್ ರಕ್ತವನ್ನು ಸಾಗಿಸುತ್ತದೆ.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಯಾವ ಆರೋಗ್ಯವಂತ ಹೃದಯವೂ ತನ್ನಲ್ಲಿರುವುದನ್ನೆಲ್ಲ ಒಂದೇ ಏಟಿಗೆ ಖಾಲಿ ಮಾಡುವುದಿಲ್ಲ. ವಿಶ್ರಾಂತಿಯಲ್ಲಿರುವಾಗ ಅರ್ಧಕ್ಕಿಂತ ತುಸು ಹೆಚ್ಚನ್ನು ಕಳುಹಿಸಿ ಉಳಿದುದನ್ನು ಇರಿಸಿಕೊಳ್ಳುವುದೇ ಅದರ ಧರ್ಮ. ಬಸ್ಸು ಹಿಡಿಯಲು ಓಡಬೇಕಾಗಿ ಬಂದಾಗ ಅದೇ ಶಿಲ್ಕಿನಿಂದ ಇನ್ನಷ್ಟನ್ನು ಹೊರಹಾಕುತ್ತದೆ. ಆದುದರಿಂದ 60 ಎಂಬುದು ನೂರರಲ್ಲಿ ನಲವತ್ತನ್ನು ಕಳೆದುಕೊಂಡ ಸ್ಥಿತಿಯಲ್ಲ. ಅದು ಸಹಜ ಸ್ಥಿತಿ.

ಹಾಗಾದರೆ ಹೊರಹೋದ ರಕ್ತದ ಪ್ರಮಾಣವನ್ನೇ ಹೇಳಿದರೆ ಸಾಲದೆ, ಅನುಪಾತವೇಕೆ ಬೇಕು? ಮತ್ತೊಂದು ಹೃದಯದ ಲೆಕ್ಕವನ್ನು ನೋಡಿದರೆ ಉತ್ತರ ಸಿಗುತ್ತದೆ. ಅದರ ಸ್ನಾಯು ದುರ್ಬಲವಾಗಿ ಹೃತ್ಕುಕ್ಷಿ ಹಿಗ್ಗಿಹೋಗಿದೆ. ಆರಂಭ ಶಿಲ್ಕು 200 ಮಿ.ಲೀ., ಅಖೈರು ಶಿಲ್ಕು 130 ಮಿ.ಲೀ. ಹೊರಹೋದದ್ದು ಮೊದಲಿನ ಹೃದಯದಂತೆಯೇ 70 ಮಿ.ಲೀ. ಶರೀರಕ್ಕೆ ಸದ್ಯಕ್ಕೆ ಕೊರತೆ ಕಾಣದು. ಆದರೆ ಇ.ಎಫ್. 35 ಮಾತ್ರ. ದೊಡ್ಡ ಬಂಡವಾಳವನ್ನು ಹೂಡಿ ಸಣ್ಣ ವ್ಯಾಪಾರವನ್ನಷ್ಟೇ ಮಾಡುತ್ತಿರುವ ಅಂಗಡಿಯ ಸ್ಥಿತಿ ಅದರದು. ಹೊರಗೆ ವ್ಯವಹಾರ ನಡೆಯುತ್ತಿದ್ದರೂ ಒಳಗಿನ ಆಯಾಸವನ್ನು ಅನುಪಾತವು ಬಯಲಿಗೆ ತರುತ್ತದೆ. ರೋಗಿಗೆ ಯಾವ ತೊಂದರೆಯೂ ತೋರದ ಹಂತದಲ್ಲಿಯೇ ಎಚ್ಚರಿಸಬಲ್ಲದೆಂಬುದೇ ಈ ಅಂಕಿಯ ಹಿರಿಮೆ.

ಶಬ್ದದಿಂದ ನೋಡುವ ವಿದ್ಯೆ

ಅಂಗೈ ಹುಣ್ಣಿಗೆ ಕನ್ನಡಿ ಬೇಡ. ಆದರೆ ಪಕ್ಕೆಲುಬುಗಳ ಗೂಡಿನಲ್ಲಿ ಅಡಗಿ ಎಡೆಬಿಡದೆ ಚಲಿಸುವ ಹೃದಯದ ಒಳಗನ್ನು ನೋಡಲು ಒಂದು ಕನ್ನಡಿ ಬೇಕೇಬೇಕು. ಮೊದಲು ಅದಕ್ಕಿದ್ದ ಮಾರ್ಗವೆಂದರೆ ರಕ್ತನಾಳದೊಳಗೆ ನಳಿಕೆಯನ್ನು ತೂರಿಸಿ, ಔಷಧ ಚುಚ್ಚಿ, ಎಕ್ಸ್‌ರೇ ತೆಗೆಯುವುದು. ನೋವಿಲ್ಲದ ದಾರಿಯನ್ನು ತೋರಿಸಿದವರು ಸ್ವೀಡನ್ ದೇಶದ ಇಬ್ಬರು: ಇಂಗೆ ಎಡ್ಲರ್ ಎಂಬ ಹೃದ್ರೋಗ ವೈದ್ಯರು ಮತ್ತು ಕಾರ್ಲ್ ಹೆಲ್ಮುತ್ ಹರ್ಟ್ಸ್ ಎಂಬ ಭೌತವಿಜ್ಞಾನಿ.

ಎಡ್ಲರ್ ಅವರ ಸಮಸ್ಯೆ ಭಾರತದ ವೈದ್ಯರಿಗೂ ಚಿರಪರಿಚಿತವಾದದ್ದು. ಎಳವೆಯಲ್ಲಿ ಬರುವ ರುಮ್ಯಾಟಿಕ್ ಜ್ವರವು ಹೃದಯದ ಎಡಭಾಗದಲ್ಲಿರುವ ಮೈಟ್ರಲ್ ಕವಾಟವನ್ನು ಕೆಡಿಸುತ್ತದೆ. ಕವಾಟ ಕಿರಿದಾಗಿದೆಯೇ, ಇಲ್ಲವೆ ಸರಿಯಾಗಿ ಮುಚ್ಚದೆ ಸೋರುತ್ತಿದೆಯೇ ಎಂಬುದು ಖಚಿತವಾಗದೆ ಶಸ್ತ್ರಚಿಕಿತ್ಸೆಗೆ ಕೈಹಾಕುವುದು ಅಪಾಯಕರ. ಹಡಗುಗಳ ಲೋಹದ ತಗಡುಗಳಲ್ಲಿ ಬಿರುಕುಗಳಿವೆಯೇ ಎಂದು ಶಬ್ದತರಂಗಗಳಿಂದ ಪರೀಕ್ಷಿಸುವ ಯಂತ್ರವೊಂದು ಮಾಲ್ಮೋ ನಗರದ ಹಡಗು ಕಟ್ಟುವ ಕಾರ್ಖಾನೆಯಲ್ಲಿತ್ತು. ಅದನ್ನು ಎರವಲು ಪಡೆದು ಪ್ರಯೋಗ ಆರಂಭಿಸಿದ ಈ ಇಬ್ಬರು, 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ಮೊದಲ ಬಾರಿಗೆ ದಾಖಲಿಸಿದರು. 1977ರಲ್ಲಿ ಅವರಿಬ್ಬರಿಗೂ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು.

ಮನುಷ್ಯನ ಕಿವಿಗೆ ಕೇಳಿಸುವುದು ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ. ವಯಸ್ಕರ ಎಕೋ ಪರೀಕ್ಷೆಯಲ್ಲಿ ಬಳಸುವುದು ಸೆಕೆಂಡಿಗೆ 20ರಿಂದ 50 ಲಕ್ಷ ಕಂಪನಗಳ ಶಬ್ದ. ಅದು ಶರೀರದ ಮೃದು ಅಂಗಾಂಶಗಳಲ್ಲಿ ಸೆಕೆಂಡಿಗೆ ಸುಮಾರು 1,540 ಮೀಟರ್ ವೇಗದಲ್ಲಿ ಚಲಿಸಿ, ರಕ್ತವೂ ಸ್ನಾಯುವೂ ಕೂಡುವ ಅಂಚುಗಳಿಂದ ಹಿಂದಿರುಗುತ್ತದೆ. ಹದಿನೈದು ಸೆಂಟಿಮೀಟರ್ ಆಳಕ್ಕೆ ಹೋಗಿಬರಲು ಅದಕ್ಕೆ ಸೆಕೆಂಡಿನ ಐದು ಸಾವಿರದ ಒಂದು ಭಾಗ ಸಾಕು. ಹೋಗಿ ಬಂದ ಕಾಲದಿಂದ ದೂರವನ್ನು ಗಣಿಸಿ ಯಂತ್ರವು ಚಿತ್ರವನ್ನು ರಚಿಸುತ್ತದೆ. ಆರಂಭದಲ್ಲಿ ಕಾಗದದ ಮೇಲಿನ ಗೆರೆಗಳಷ್ಟೇ ಆಗಿದ್ದ ಈ ಚಿತ್ರ, 1970ರ ದಶಕದಲ್ಲಿ ಚಲಿಸುವ ನೋಟವಾಯಿತು. ಅನಂತರ ಡಾಪ್ಲರ್ ತತ್ತ್ವದ ನೆರವಿನಿಂದ ರಕ್ತದ ಹರಿವಿನ ದಿಕ್ಕು ಮತ್ತು ವೇಗಗಳೂ ಬಣ್ಣಬಣ್ಣವಾಗಿ ಕಾಣತೊಡಗಿದವು.

ಪರೀಕ್ಷೆ ನಡೆಯುವ ಬಗೆ

ಎದೆಯ ಮೇಲಿನಿಂದ ಮಾಡುವ ಸಾಮಾನ್ಯ ಎಕೋ ಪರೀಕ್ಷೆಗೆ ಉಪವಾಸವಿರಬೇಕಾಗಿಲ್ಲ. ಸೂಜಿಯಿಲ್ಲ, ನೋವಿಲ್ಲ, ಎಕ್ಸ್‌ರೇ ಕಿರಣಗಳೂ ಇಲ್ಲ. ಗರ್ಭಿಣಿಯರಿಗೂ ಮಾಡಬಹುದು. ರೋಗಿಯನ್ನು ಎಡಮಗ್ಗುಲಿಗೆ ಮಲಗಿಸುತ್ತಾರೆ. ಹಾಗೆ ಮಲಗಿದಾಗ ಹೃದಯವು ಎದೆಯ ಗೋಡೆಗೆ ಸಮೀಪ ಬರುತ್ತದೆ. ಗಾಳಿಯು ಈ ಶಬ್ದತರಂಗಗಳಿಗೆ ಕಡುವೈರಿ. ಆದಕಾರಣ ಚರ್ಮಕ್ಕೂ ಪ್ರೋಬ್ ಎಂಬ ಉಪಕರಣಕ್ಕೂ ನಡುವೆ ಗಾಳಿ ಉಳಿಯದಂತೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ಇ.ಸಿ.ಜಿ. ಹೃದಯದ ವಿದ್ಯುತ್ತನ್ನು ದಾಖಲಿಸಿದರೆ ಎಕೋ ಅದರ ಆಕಾರ, ಚಲನೆ ಮತ್ತು ಕವಾಟಗಳನ್ನು ತೋರಿಸುತ್ತದೆ. ಒಂದು ಇನ್ನೊಂದರ ಬದಲಿಯಲ್ಲ. ಅನ್ನನಾಳದ ಮೂಲಕ ನಳಿಕೆಯಿಳಿಸಿ ಮಾಡುವ ಎಕೋ ಬೇರೊಂದು ಬಗೆಯದು; ಅದಕ್ಕೆ ಮಾತ್ರ ಉಪವಾಸ ಅವಶ್ಯಕ.

ಒಂದು ಚಮಚದ ಅಂತರ

ಹೃತ್ಕುಕ್ಷಿಯೊಳಗಿನ ರಕ್ತವನ್ನು ಯಾರೂ ಪಾತ್ರೆಗೆ ಸುರಿದು ಅಳೆಯುವುದಿಲ್ಲ. ಚಿತ್ರವನ್ನು ನೋಡಿ ಗಾತ್ರವನ್ನು ಲೆಕ್ಕಹಾಕಬೇಕು. ಈಗ ಹೆಚ್ಚು ಮಾನ್ಯವಾಗಿರುವ ವಿಧಾನಕ್ಕೆ ಹದಿನೆಂಟನೆಯ ಶತಮಾನದ ಆಂಗ್ಲ ಗಣಿತಜ್ಞ ಥಾಮಸ್ ಸಿಂಪ್ಸನ್ ಅವರ ಹೆಸರಿದೆ. ಹೃದಯದ ತುದಿಯ ಕಡೆಯಿಂದ ಒಂದಕ್ಕೊಂದು ಅಡ್ಡಲಾಗಿರುವ ಎರಡು ನೋಟಗಳನ್ನು ಹಿಡಿದು, ಪ್ರತಿಯೊಂದರಲ್ಲಿಯೂ ಹೃತ್ಕುಕ್ಷಿಯ ಒಳಅಂಚನ್ನು ಗುರುತಿಸುತ್ತಾರೆ. ಯಂತ್ರವು ಆ ಆಕಾರವನ್ನು ಒಂದರ ಮೇಲೊಂದು ಪೇರಿಸಿದ 20 ತೆಳು ಬಿಲ್ಲೆಗಳೆಂದು ಭಾವಿಸಿ, ಒಂದೊಂದರ ಗಾತ್ರವನ್ನೂ ಕೂಡಿಸಿ ಮೊತ್ತವನ್ನು ಕೊಡುತ್ತದೆ. ತುಂಬಿದಾಗ ಒಮ್ಮೆ, ಸಂಕುಚಿಸಿದಾಗ ಒಮ್ಮೆ ಹೀಗೆ ಮಾಡಿದರೆ ಎರಡೂ ಶಿಲ್ಕುಗಳು ದೊರೆಯುತ್ತವೆ.

ಇದಕ್ಕಿಂತ ಹಳೆಯದಾದ, ಇಂದಿಗೂ ಕೆಲವೆಡೆ ಬಳಕೆಯಲ್ಲಿರುವ ವಿಧಾನದಲ್ಲಿ ಹೃತ್ಕುಕ್ಷಿಯ ಒಂದೇ ಜಾಗದ ಅಡ್ಡಳತೆಯಿಂದ ಇಡೀ ಗಾತ್ರವನ್ನು ಊಹಿಸುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದಗುಳನ್ನು ಹಿಸುಕಿ ನೋಡಿದರೆ ಸಾಕು; ಎಲ್ಲ ಕಡೆಯೂ ಸಮನಾಗಿ ಸಂಕುಚಿಸುವ ಹೃದಯಕ್ಕೂ ಈ ನಿಯಮ ನಡೆದೀತು. ಆದರೆ ಹೃದಯಾಘಾತದಿಂದ ಗೋಡೆಯ ಒಂದು ಭಾಗ ನಿಶ್ಚಲವಾಗಿದ್ದು, ಅಳತೆಗೆ ಸಿಕ್ಕಿದ್ದು ಚೆನ್ನಾಗಿ ಚಲಿಸುವ ಭಾಗವಾದರೆ ಲೆಕ್ಕವೇ ತಪ್ಪುತ್ತದೆ. ಅನುಭವಸ್ಥ ವೈದ್ಯರು ಚಲಿಸುವ ಚಿತ್ರವನ್ನು ನೋಡಿದೊಡನೆ ಕಣ್ಣಂದಾಜಿನಿಂದ ‘55–60’ ಎಂದು ಬರೆಯುವುದೂ ಉಂಟು.

ಯಾವ ವಿಧಾನವಾದರೂ ಅಲ್ಪಸ್ವಲ್ಪ ಏರುಪೇರು ಅನಿವಾರ್ಯ. ಮೊದಲಿನ ಉದಾಹರಣೆಯಲ್ಲಿ 120ರ ಬದಲು 115, 50ರ ಬದಲು 55 ಎಂದು ಗುರುತಿಸಿದರೆಂದು ಭಾವಿಸಬಹುದು. ಐದು ಮಿ.ಲೀ. ಎಂದರೆ ಒಂದು ಸಣ್ಣ ಚಮಚ. ಅಷ್ಟಕ್ಕೇ ಇ.ಎಫ್. 58ರಿಂದ 52ಕ್ಕೆ ಇಳಿಯುತ್ತದೆ! ಹೃದಯದಲ್ಲಿ ಏನೂ ಬದಲಾಗಿಲ್ಲ. ಬದಲಾದದ್ದು ಅಂಚನ್ನು ಗುರುತಿಸಿದ ಕೈ ಮಾತ್ರ. ಸ್ಥೂಲ ಶರೀರ, ಶ್ವಾಸಕೋಶದ ಕಾಯಿಲೆ ಮೊದಲಾದವುಗಳಿಂದ ಚಿತ್ರ ಮಸುಕಾದರೆ ಅಂತರ ಇನ್ನೂ ಹೆಚ್ಚುತ್ತದೆ. ನಾಡಿ ಅಡ್ಡಾದಿಡ್ಡಿಯಾಗಿ ಮಿಡಿಯುವವರಲ್ಲಿ ಒಂದೊಂದು ಬಡಿತದ ಇ.ಎಫ್. ಒಂದೊಂದು ಬಗೆ, ಹಲವು ಬಡಿತಗಳ ಸರಾಸರಿಯನ್ನು ಹಿಡಿಯಬೇಕಾಗುತ್ತದೆ. ಆದುದರಿಂದ ಹೋದ ವರ್ಷ 60 ಇದ್ದದ್ದು ಈ ವರ್ಷ ಬೇರೆ ಕೇಂದ್ರದಲ್ಲಿ 56 ಬಂದರೆ ನಿದ್ದೆಗೆಡುವ ಕಾರಣವಿಲ್ಲ. 60 ಇದ್ದದ್ದು 45ಕ್ಕೆ ಇಳಿದರೆ ಅದನ್ನು ಅಳತೆಯ ವ್ಯತ್ಯಾಸವೆಂದು ತಳ್ಳಿಹಾಕಲಾಗದು.

ಅಂಕಿಯ ಅರ್ಥ

2015ರಲ್ಲಿ ಅಮೆರಿಕ ಮತ್ತು ಯೂರೋಪಿನ ಎಕೋ ತಜ್ಞರ ಸಂಘಗಳು ಒಟ್ಟಾಗಿ ಪ್ರಕಟಿಸಿದ ಮಾರ್ಗಸೂಚಿಯ ಪ್ರಕಾರ, ಪುರುಷರಲ್ಲಿ 52ರಿಂದ 72, ಸ್ತ್ರೀಯರಲ್ಲಿ 54ರಿಂದ 74ರವರೆಗಿನ ಇ.ಎಫ್. ಸಹಜವಾದುದು. ಅದಕ್ಕಿಂತ ಕೆಳಗೆ 41ರವರೆಗೆ ಅಲ್ಪ ಇಳಿಕೆ, 30ರಿಂದ 40 ಮಧ್ಯಮ ಇಳಿಕೆ, 30ಕ್ಕಿಂತ ಕಡಿಮೆಯಾದರೆ ತೀವ್ರ ಇಳಿಕೆ.

ಈ ಅಂಕಿಯ ಮೇಲೆ ಚಿಕಿತ್ಸೆಯ ಮಹತ್ವದ ನಿರ್ಣಯಗಳು ನಿಂತಿವೆ. ಹೃದಯ ವೈಫಲ್ಯದ ಲಕ್ಷಣಗಳಿದ್ದು ಇ.ಎಫ್. 40 ಅಥವಾ ಅದಕ್ಕಿಂತ ಕಡಿಮೆಯಿದ್ದರೆ, ಆಯುಸ್ಸನ್ನು ಹೆಚ್ಚಿಸುವುದಾಗಿ ಸಿದ್ಧಪಟ್ಟಿರುವ ನಾಲ್ಕು ಬಗೆಯ ಔಷಧಗಳನ್ನು ವೈದ್ಯರು ಸಾಮಾನ್ಯವಾಗಿ ಆರಂಭಿಸುತ್ತಾರೆ. ಕನಿಷ್ಠ ಮೂರು ತಿಂಗಳು ಸರಿಯಾದ ಔಷಧೋಪಚಾರವಾದ ಮೇಲೂ 35ನ್ನು ದಾಟದಿದ್ದರೆ, ಹಠಾತ್ ಮರಣವನ್ನು ತಡೆಯುವ ಸಲುವಾಗಿ ಐ.ಸಿ.ಡಿ. ಎಂಬ ಪುಟ್ಟ ಯಂತ್ರವನ್ನು ಎದೆಯಲ್ಲಿ ಅಳವಡಿಸುವ ವಿಚಾರ ಬರುತ್ತದೆ. ಸ್ತನ ಕ್ಯಾನ್ಸರಿಗೆ ಕೊಡುವ ಕೆಲವು ಔಷಧಗಳು ಹೃದಯಸ್ನಾಯುವಿಗೆ ಹಾನಿಯುಂಟುಮಾಡಬಲ್ಲುವಾದ್ದರಿಂದ, ಚಿಕಿತ್ಸೆಗೆ ಮೊದಲೂ ನಡುವೆಯೂ ಎಕೋ ಮಾಡಿ ಇ.ಎಫ್. ಕುಸಿಯುತ್ತಿಲ್ಲವೆಂದು ಖಚಿತಪಡಿಸಿಕೊಳ್ಳುತ್ತಾರೆ.

ಹೃದಯ ವೈಫಲ್ಯ ಎಂಬ ಮಾತೇ ಹಲವರ ಎದೆ ನಡುಗಿಸುತ್ತದೆ. ಅದರ ಅರ್ಥ ಹೃದಯ ನಿಂತುಹೋಯಿತೆಂದಲ್ಲ. ಶರೀರದ ಬೇಡಿಕೆಯನ್ನು ಪೂರೈಸಲು ಅದು ಹೆಣಗುತ್ತಿದೆ ಎಂದಷ್ಟೇ. 30ರ ಇ.ಎಫ್. ಉಳ್ಳವರು ಕ್ರಮವಾಗಿ ಔಷಧ ಸೇವಿಸುತ್ತ ತಮ್ಮ ಕೆಲಸಕಾರ್ಯಗಳನ್ನು ತಾವೇ ಮಾಡಿಕೊಂಡಿರುವುದು ಅಪರೂಪವೇನಲ್ಲ.

ಅಂಕಿ ಹೇಳದಿರುವ ಸಂಗತಿಗಳು

ಯಾವ ಅನುಪಾತವೂ ಸಂಸ್ಥೆಯ ಪೂರ್ಣ ಸ್ಥಿತಿಯನ್ನು ಹೇಳಲಾರದು. ಅಢಾವೆ ಪತ್ರಿಕೆಯನ್ನು ಸಮಗ್ರವಾಗಿ ನೋಡಬೇಕಾಗುತ್ತದೆ. ಎಕೋ ವರದಿಯೂ ಹಾಗೆಯೇ. ಮೂರು ಸಂದರ್ಭಗಳಲ್ಲಿ ಇ.ಎಫ್. ಚೆನ್ನಾಗಿ ಕಂಡರೂ ಒಳಗೆ ತೊಂದರೆ ಅಡಗಿರಬಹುದು.

ಮೊದಲನೆಯದು, ಗೋಡೆ ಬಿರುಸಾದ ಹೃದಯ. ಬಹುಕಾಲದ ರಕ್ತದೊತ್ತಡ, ಸಕ್ಕರೆ ಕಾಯಿಲೆ, ಬೊಜ್ಜು ಮತ್ತು ಮುಪ್ಪಿನಿಂದ ಎಡ ಹೃತ್ಕುಕ್ಷಿಯ ಗೋಡೆ ದಪ್ಪಗಾಗಿ ಸಲೀಸಾಗಿ ಹಿಗ್ಗುವುದಿಲ್ಲ. ಆರಂಭ ಶಿಲ್ಕೇ 75 ಮಿ.ಲೀ.; ಉಳಿದದ್ದು 30; ಹೊರಹೋದದ್ದು 45. ಇ.ಎಫ್. 60 ಎಂದೇ ಬರುತ್ತದೆ! ಅನುಪಾತ ಸರಿ, ಆದರೆ ಮೊತ್ತವೇ ಕಡಿಮೆ. ತುಂಬಿಕೊಳ್ಳಲಾರದ ಹೃದಯದ ಹಿಂದೆ ಒತ್ತಡ ಹೆಚ್ಚಿ, ಶ್ವಾಸಕೋಶಗಳಲ್ಲಿ ನೀರಿನಂಶ ಸೇರಿ ಏದುಸಿರು ಬರುತ್ತದೆ. ಹೃದಯ ವೈಫಲ್ಯಕ್ಕೆ ಒಳಗಾದವರಲ್ಲಿ ಗಣನೀಯ ಭಾಗ ಈ ಬಗೆಯವರು, ಅವರಲ್ಲೂ ವಯಸ್ಸಾದ ಸ್ತ್ರೀಯರು ಹೆಚ್ಚು. ಇವರ ತೊಂದರೆಯನ್ನು ಡಾಪ್ಲರ್ ಅಳತೆಗಳಿಂದಲೂ ರಕ್ತಪರೀಕ್ಷೆಯಿಂದಲೂ ಕಂಡುಹಿಡಿಯಬೇಕಾಗುತ್ತದೆ.

ಎರಡನೆಯದು, ಸೋರುವ ಮೈಟ್ರಲ್ ಕವಾಟ. 160 ಮಿ.ಲೀ. ತುಂಬಿದ ಹೃತ್ಕುಕ್ಷಿ 100 ಮಿ.ಲೀ.ಯನ್ನು ಹೊರತಳ್ಳಿತು, ಇ.ಎಫ್. 62ಕ್ಕೂ ಹೆಚ್ಚು. ಆದರೆ ಆ ನೂರರಲ್ಲಿ 40 ಮಿ.ಲೀ. ಸೋರುವ ಕವಾಟದ ಮೂಲಕ ಹಿಂದಕ್ಕೆ ಹೃತ್ಕರ್ಣಕ್ಕೇ ಹೋಯಿತು. ಶರೀರಕ್ಕೆ ಮುಟ್ಟಿದ್ದು 60 ಮಾತ್ರ. ಖರ್ಚಿನ ಲೆಕ್ಕದಲ್ಲಿ ಬರೆದ ಹಣವೆಲ್ಲ ಸಲ್ಲಬೇಕಾದವರಿಗೆ ಸಂದಿಲ್ಲ. ಕವಾಟವೇ ಹಾಳಾಗಿ ತೀವ್ರವಾಗಿ ಸೋರುತ್ತಿರುವಾಗ ಇ.ಎಫ್. 60ಕ್ಕೆ ಅಥವಾ ಅದಕ್ಕಿಂತ ಕೆಳಗೆ ಬಂದರೆ, ಬೇರೆ ತೊಂದರೆ ಕಾಣದಿದ್ದರೂ ಶಸ್ತ್ರಚಿಕಿತ್ಸೆಯನ್ನು ಆಲೋಚಿಸಬೇಕೆಂಬುದು ತಜ್ಞರ ಮತ. ಇತರರಿಗೆ ನೆಮ್ಮದಿ ನೀಡುವ ಅಂಕಿಯೇ ಈ ರೋಗಿಗೆ ಎಚ್ಚರಿಕೆಯ ಗಂಟೆ.

ಮೂರನೆಯದು, ಹೃದಯಕ್ಕೇ ರಕ್ತ ಒದಗಿಸುವ ಕೊರೊನರಿ ನಾಳಗಳ ಅಡಚಣೆ. ವಿಶ್ರಾಂತಿಯಲ್ಲಿ ಮಾಡಿದ ಎಕೋ ಈ ಅಡಚಣೆಯನ್ನು ನೇರವಾಗಿ ತೋರಿಸುವುದಿಲ್ಲ. ನಾಳ ಗಣನೀಯವಾಗಿ ಕಿರಿದಾಗಿದ್ದರೂ ಹೃದಯಾಘಾತವಾಗುವ ಮುನ್ನ ಇ.ಎಫ್. 65 ಇರಬಹುದು. ಆದುದರಿಂದ ಎದೆಯಲ್ಲಿ ಹಿಂಡಿದಂತಹ ನೋವು ಕಂಡು, ಎಡತೋಳಿಗೋ ದವಡೆಗೋ ಹರಡಿ, ಬೆವರು ಕಿತ್ತುಬಂದರೆ, ಕಳೆದ ತಿಂಗಳ ಎಕೋ ಸರಿಯಾಗಿತ್ತೆಂದು ಮನೆಯಲ್ಲಿ ಕುಳಿತಿರುವುದು ಪ್ರಾಣಕ್ಕೆ ಎರವಾದೀತು. ತಡಮಾಡದೆ ಆಸ್ಪತ್ರೆಯನ್ನು ಸೇರಬೇಕು.

ಅಂಕಿ ಏರಿದ ಮೇಲೆ

ಹೃದಯಸ್ನಾಯು ಚೇತರಿಸಿಕೊಳ್ಳಬಲ್ಲದು ಎಂಬುದು ಈಚಿನ ಕಾಲದ ಆಶಾದಾಯಕ ಸಂಗತಿ. 30ರಲ್ಲಿದ್ದ ಇ.ಎಫ್. ಔಷಧಗಳ ಬಲದಿಂದ ಕೆಲವರಲ್ಲಿ 50ನ್ನು ದಾಟುತ್ತದೆ. ಇಲ್ಲಿಯೇ ಒಂದು ಅಪಾಯವೂ ಕಾದಿರುತ್ತದೆ. ಸಾಲ ತೀರಿತೆಂದು ಕಂತು ಕಟ್ಟುವುದನ್ನು ನಿಲ್ಲಿಸುವಂತೆ, ಕಾಯಿಲೆ ತೀರಿತೆಂದು ಮಾತ್ರೆಗಳನ್ನು ನಿಲ್ಲಿಸುವವರುಂಟು. ಹೀಗೆ ಮಾಡಬಹುದೇ ಎಂಬುದನ್ನು ಲಂಡನ್ನಿನ ವೈದ್ಯರು ಪರೀಕ್ಷಿಸಿ ನೋಡಿದ್ದಾರೆ. ಹಿಗ್ಗಿದ ಹೃದಯದಿಂದ ಸಂಪೂರ್ಣ ಚೇತರಿಸಿಕೊಂಡಂತೆ ಕಂಡ 51 ಮಂದಿಯಲ್ಲಿ 25 ಮಂದಿಯ ಔಷಧಗಳನ್ನು ವೈದ್ಯರ ನಿಗಾದಲ್ಲಿಯೇ ಕ್ರಮಕ್ರಮವಾಗಿ ನಿಲ್ಲಿಸಲಾಯಿತು. ಆರು ತಿಂಗಳೊಳಗೆ ಅವರಲ್ಲಿ 11 ಮಂದಿಗೆ ಕಾಯಿಲೆ ಮರುಕಳಿಸಿತು. ಔಷಧ ಮುಂದುವರಿಸಿದವರಲ್ಲಿ ಒಬ್ಬರಿಗೂ ಮರುಕಳಿಸಲಿಲ್ಲ. 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯ ಸಂಚಿಕೆಯಲ್ಲಿ ಬಂದ ಈ ಅಧ್ಯಯನದ ಪಾಠ ಸ್ಪಷ್ಟ: ಏರಿದ ಅಂಕಿ ಔಷಧದ ಫಲ, ಔಷಧ ಬೇಡವೆಂಬುದರ ಅಪ್ಪಣೆಯಲ್ಲ.

ಮನೆಯವರ ಪಾಲಿನ ಕೆಲಸ

ಊರಿಗೂ ನಗರಕ್ಕೂ ನಡುವೆ ಓಡಾಡುವ ಕುಟುಂಬಗಳಲ್ಲಿ ಒಂದು ಎಕೋ ಹುಬ್ಬಳ್ಳಿಯಲ್ಲಿ, ಮುಂದಿನದು ಮುಂಬಯಿಯಲ್ಲಿ, ಮತ್ತೊಂದು ಮಗಳಿರುವ ಪುಣೆಯಲ್ಲಿ ಆಗುವುದುಂಟು. ಹಳೆಯ ವರದಿ ಊರಿನ ಕಪಾಟಿನಲ್ಲಿ ಉಳಿದರೆ ಹೊಸ ವೈದ್ಯರಿಗೆ ಹೋಲಿಸಿ ನೋಡಲು ಆಧಾರವೇ ಇಲ್ಲ. ಒಂದೇ ದಿನದ ಶಿಲ್ಕಿಗಿಂತ ಹಲವು ವರ್ಷಗಳ ಲೆಕ್ಕವೇ ಹೆಚ್ಚು ಸತ್ಯವನ್ನು ನುಡಿಯುತ್ತದೆ. ಎಲ್ಲ ವರದಿಗಳನ್ನೂ ದಿನಾಂಕದ ಕ್ರಮದಲ್ಲಿ ಒಂದೇ ಕಡತದಲ್ಲಿರಿಸಿ, ಪ್ರಯಾಣದಲ್ಲಿ ಜೊತೆಗೊಯ್ಯುವುದು ಮೇಲು. ಸಾಧ್ಯವಾದರೆ ಒಂದೇ ಕೇಂದ್ರದಲ್ಲಿ, ಒಂದೇ ವಿಧಾನದಿಂದ ಪರೀಕ್ಷೆ ಮಾಡಿಸುವುದು ಇನ್ನೂ ಮೇಲು.

ವೈದ್ಯರನ್ನು ಕಂಡಾಗ ನಾಲ್ಕು ಪ್ರಶ್ನೆಗಳನ್ನು ಕೇಳಿದರೆ ಸಾಕು. ಇ.ಎಫ್. ಎಷ್ಟು ಮತ್ತು ಯಾವ ವಿಧಾನದಿಂದ ಅಳೆದದ್ದು? ಹಿಂದಿನದಕ್ಕೆ ಹೋಲಿಸಿದರೆ ನಿಜವಾದ ಬದಲಾವಣೆ ಆಗಿದೆಯೇ? ಕವಾಟಗಳು ಹೇಗಿವೆ? ಹೃದಯ ಸರಿಯಾಗಿ ಹಿಗ್ಗಿ ತುಂಬಿಕೊಳ್ಳುತ್ತಿದೆಯೇ?

ಇದೆಲ್ಲಕ್ಕೂ ಮಿಗಿಲಾದದ್ದು ಮನೆಯವರ ಕಣ್ಣು. ಮಲಗಿದರೆ ಉಸಿರು ಕಟ್ಟುತ್ತದೆಂದು ಹಿರಿಯರು ಎರಡು ದಿಂಬಿನ ಬದಲು ಮೂರನ್ನು ಕೇಳುತ್ತಿದ್ದಾರೆಯೇ, ಸಂಜೆಯ ಹೊತ್ತಿಗೆ ಪಾದಗಳು ಬಾತು ಚಪ್ಪಲಿಯ ಪಟ್ಟಿಯ ಗುರುತು ಮೂಡುತ್ತಿದೆಯೇ, ಎರಡು ಮೂರು ದಿನಗಳಲ್ಲಿ ತೂಕ ಎರಡು ಕಿಲೋ ಏರಿತೇ, ತರಕಾರಿ ತರಲು ಹೋದವರು ನಡುದಾರಿಯಲ್ಲಿ ನಿಂತು ನಿಂತು ಬರುತ್ತಿದ್ದಾರೆಯೇ: ಇವನ್ನು ಯಾವ ಯಂತ್ರವೂ ಬರೆದುಕೊಳ್ಳುವುದಿಲ್ಲ. ಇಂಥ ಲಕ್ಷಣಗಳು ಕಂಡಲ್ಲಿ, ಇ.ಎಫ್. ಅರವತ್ತೇ ಇರಲಿ, ವೈದ್ಯರನ್ನು ಕಾಣಲು ಮುಂದಿನ ತಪಾಸಣೆಯ ದಿನಕ್ಕಾಗಿ ಕಾಯಬಾರದು.